ಸ್ವಯಂಸೇವಾ ವಿತರಿತ ಗಣನೆಯ ಸ್ಪರ್ಧೆಗೆ ಮನೆಯ ಗಣಕಯಂತ್ರವನ್ನು ಸಿದ್ಧಪಡಿಸುವ ಬಗ್ಗೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಮನೆಯಲ್ಲಿರುವ ಗಣಕಯಂತ್ರವು ದಿನದ ಬಹುಪಾಲು ವೇಳೆ ಕೆಲಸವಿಲ್ಲದೆ ಇರುತ್ತದೆ. ಈ ಬಿಡುವಿನ ಗಣನ ಸಾಮರ್ಥ್ಯವನ್ನು ವೈಜ್ಞಾನಿಕ ಸಂಶೋಧನೆಗೆ ಉಚಿತವಾಗಿ ನೀಡುವ ಪದ್ಧತಿಗೆ ಸ್ವಯಂಸೇವಾ ವಿತರಿತ ಗಣನೆ ಎಂದು ಹೆಸರು. ಈ ಕ್ಷೇತ್ರದಲ್ಲಿ ತಂಡಗಳ ನಡುವೆ ಅಂತರರಾಷ್ಟ್ರೀಯ ಸ್ಪರ್ಧೆಗಳೂ ನಡೆಯುತ್ತವೆ. ಇವುಗಳಲ್ಲಿ ಭಾಗವಹಿಸಲು ಇಚ್ಛಿಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರು ಪೂರ್ವಸಿದ್ಧತೆಯ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಬಹುತೇಕ ಕುಟುಂಬಗಳಲ್ಲಿ ಇರುವುದು ಒಂದೇ ಗಣಕಯಂತ್ರ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿಯ ಪ್ರತಿ, ಸೇವಾ ಸಿಂಧು ಸೇವೆಗಳು, ಮಕ್ಕಳ ಪರೀಕ್ಷಾ ನೋಂದಣಿ ಎಲ್ಲವೂ ಅದರಿಂದಲೇ ಆಗಬೇಕು. ಆದುದರಿಂದ ಎಷ್ಟು ಕೊಡಬಹುದು ಎಂಬ ಮಿತಿಯನ್ನು ಮೊದಲು ನಿಗದಿಪಡಿಸಿಕೊಂಡು, ಆ ಮಿತಿಯೊಳಗೆ ಯಂತ್ರವನ್ನು ಸಿದ್ಧಪಡಿಸುವುದು ಸೂಕ್ತ. ಮಿತಿಯಿಲ್ಲದೆ ಆರಂಭಿಸಿದಲ್ಲಿ ಅದರ ಪರಿಣಾಮವು ಮೊದಲು ಕಾಣಿಸುವುದು ವಿದ್ಯುತ್ ಬಿಲ್ಲಿನಲ್ಲಿ.

2. ವಿತರಿತ ಗಣನೆ ಎಂದರೇನು?

ಒಂದು ದೊಡ್ಡ ಲೆಕ್ಕವನ್ನು ಲಕ್ಷಾಂತರ ಸಣ್ಣ ಕಾರ್ಯಘಟಕಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ಸ್ಥಳಗಳಲ್ಲಿರುವ ಗಣಕಯಂತ್ರಗಳಿಗೆ ಅಂತರಜಾಲದ ಮೂಲಕ ಕಳುಹಿಸಲಾಗುತ್ತದೆ. ಪ್ರತಿ ಯಂತ್ರವು ತನ್ನ ಪಾಲಿನ ಲೆಕ್ಕವನ್ನು ಮುಗಿಸಿ ಫಲಿತಾಂಶವನ್ನು ಯೋಜನೆಯ ಸರ್ವರ್‌ಗೆ ಹಿಂದಿರುಗಿಸುತ್ತದೆ. ಅನೇಕ ಯೋಜನೆಗಳು ಒಂದೇ ಕಾರ್ಯಘಟಕವನ್ನು ಇಬ್ಬರು ಸ್ವಯಂಸೇವಕರಿಗೆ ಕಳುಹಿಸಿ, ಎರಡೂ ಉತ್ತರಗಳು ಹೊಂದಿಕೆಯಾದಲ್ಲಿ ಮಾತ್ರ ಸ್ವೀಕರಿಸುತ್ತವೆ.

ದತ್ತಾಂಶ ದೊರೆಯುವ ಸ್ಥಳ ಒಂದು, ಕೆಲಸ ನಡೆಯುವ ಸ್ಥಳ ಮತ್ತೊಂದು ಎಂಬ ವ್ಯವಸ್ಥೆ ಈ ಭಾಗದ ಜನರಿಗೆ ಹೊಸದಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಅದು ಸಂಸ್ಥೆಯೊಂದರ ಸ್ವಂತ ಏರ್ಪಾಡಾಗಿದ್ದು, ಸ್ವಯಂಸೇವಾ ಗಣನೆಯಲ್ಲ. ಸ್ವಯಂಸೇವಾ ಗಣನೆಯಲ್ಲಿ ಸಂಸ್ಥೆಯ ಕೇಂದ್ರದ ಸ್ಥಾನವನ್ನು ಸಾಮಾನ್ಯ ನಾಗರಿಕರ ಮನೆಗಳು ವಹಿಸುತ್ತವೆ.

ಈ ಕ್ಷೇತ್ರದ ಪ್ರಮುಖ ಬೆಳವಣಿಗೆಗಳು ಕೆಳಕಂಡಂತಿವೆ:

• ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರವು 1999ರ ಮೇ 17ರಂದು ಸೆಟಿ ಅಟ್ ಹೋಮ್ ಯೋಜನೆಯನ್ನು ಆರಂಭಿಸಿತು. ಭೂಮಿಯಾಚೆಯ ಬುದ್ಧಿವಂತ ಜೀವಿಗಳ ಸಂಕೇತಗಳನ್ನು ಹುಡುಕುವ ಈ ಯೋಜನೆಗೆ 50 ಲಕ್ಷಕ್ಕೂ ಹೆಚ್ಚು ಜನರು ನೋಂದಾಯಿಸಿಕೊಂಡಿದ್ದರು. 2020ರ ಮಾರ್ಚ್ 31ರಂದು ಹೊಸ ಕಾರ್ಯಘಟಕಗಳ ವಿತರಣೆಯನ್ನು ನಿಲ್ಲಿಸಲಾಯಿತು.
• ಅದೇ ಕೇಂದ್ರದಲ್ಲಿ ರೂಪುಗೊಂಡ ಬಾಯಿಂಕ್ ಎಂಬ ಉಚಿತ ಮುಕ್ತ ತಂತ್ರಾಂಶದ ಮೂಲಕ ಒಬ್ಬರೇ ಹಲವು ಯೋಜನೆಗಳಲ್ಲಿ ಭಾಗವಹಿಸಬಹುದಾಗಿದೆ.
• 2005ರಲ್ಲಿ ಆರಂಭವಾದ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯಲ್ಲಿ, ಸೆಕೆಂಡಿಗೆ ಸುಮಾರು 41 ಬಾರಿ ತಿರುಗುವ ಹೊಸ ಪಲ್ಸಾರ್ ನಕ್ಷತ್ರವೊಂದು ಪತ್ತೆಯಾದುದನ್ನು 2010ರ ಆಗಸ್ಟ್‌ನಲ್ಲಿ ಪ್ರಕಟಿಸಲಾಯಿತು. ಅದನ್ನು ಗುರುತಿಸಿದ್ದು ಅಮೆರಿಕದ ಅಯೋವಾ ರಾಜ್ಯದ ದಂಪತಿಗಳ ಮತ್ತು ಜರ್ಮನಿಯ ನಾಗರಿಕರೊಬ್ಬರ ಗಣಕಯಂತ್ರಗಳು.
• ಪ್ರೋಟೀನುಗಳ ಚಲನೆಯನ್ನು ಲೆಕ್ಕಹಾಕುವ ಫೋಲ್ಡಿಂಗ್ ಅಟ್ ಹೋಮ್ 2000ನೇ ಇಸವಿಯಿಂದ ನಡೆಯುತ್ತಿದೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಅದರ ಒಟ್ಟು ಸಾಮರ್ಥ್ಯವು ಒಂದು ಎಕ್ಸಾಫ್ಲಾಪ್ ಅನ್ನು, ಅಂದರೆ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಕೋಟಿಯಷ್ಟು ಲೆಕ್ಕಗಳನ್ನು ಮೀರಿತು.

3. ಸ್ಪರ್ಧೆ ನಡೆಯುವ ವಿಧಾನ

ಪೂರ್ಣಗೊಂಡು ಸ್ವೀಕೃತವಾದ ಪ್ರತಿ ಕಾರ್ಯಘಟಕಕ್ಕೆ ಯೋಜನೆಯು ಕ್ರೆಡಿಟ್ ಅಂಕಗಳನ್ನು ನೀಡುತ್ತದೆ. ನಿಗದಿತ ಅವಧಿಯಲ್ಲಿ ತಂಡದ ಎಲ್ಲ ಸದಸ್ಯರು ಗಳಿಸಿದ ಅಂಕಗಳ ಮೊತ್ತದ ಮೇಲೆ ಸ್ಥಾನ ನಿರ್ಧಾರವಾಗುತ್ತದೆ. ಜರ್ಮನಿಯ ಸ್ವಯಂಸೇವಕರ ತಂಡವೊಂದು 2010ರಿಂದ ನಡೆಸಿಕೊಂಡು ಬಂದಿರುವ ಬಾಯಿಂಕ್ ಪೆಂಟಾಥ್ಲಾನ್ ಇವುಗಳಲ್ಲಿ ಹೆಸರುವಾಸಿಯಾದುದು. ಇದು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ ಎರಡು ವಾರಗಳ ಕಾಲ ನಡೆಯುತ್ತದೆ. ಐದು ವಿಭಾಗಗಳಿದ್ದು, ಪ್ರತಿ ವಿಭಾಗಕ್ಕೂ ಬೇರೆ ಯೋಜನೆಯನ್ನು ಗೊತ್ತುಪಡಿಸಲಾಗುತ್ತದೆ. ಯೋಜನೆಯ ಹೆಸರನ್ನು ಕೆಲವೇ ದಿನಗಳ ಮೊದಲು ಪ್ರಕಟಿಸುವುದರಿಂದ ಯಂತ್ರದ ಸಿದ್ಧತೆಯನ್ನು ಮುಂಚಿತವಾಗಿಯೇ ಮುಗಿಸಿಟ್ಟುಕೊಳ್ಳಬೇಕಾಗುತ್ತದೆ.

ಕ್ರೆಡಿಟ್ ಅಂಕಗಳು ಹಣವಲ್ಲ. ಅವುಗಳನ್ನು ನಗದೀಕರಿಸಿಕೊಡುವುದಾಗಿ ಹೇಳಿ ಮುಂಗಡ ಕೇಳುವವರ ಮಾತನ್ನು ನಂಬಬಾರದು.

4. ಮೊದಲ ಷರತ್ತು: ಗಣಕಯಂತ್ರ ಯಾರದು?

ಸ್ವಂತ ಗಣಕಯಂತ್ರವನ್ನು, ಮನೆಯವರ ಒಪ್ಪಿಗೆಯೊಂದಿಗೆ ಮಾತ್ರ ಬಳಸತಕ್ಕದ್ದು. ಗ್ರಾಮ ಪಂಚಾಯತಿ, ನಾಡಕಚೇರಿ, ಶಾಲೆ, ಕಾಲೇಜು, ಗ್ರಂಥಾಲಯ, ಸಹಕಾರ ಸಂಘ ಅಥವಾ ಖಾಸಗಿ ಕಾರ್ಖಾನೆಯ ಗಣಕಯಂತ್ರಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಈ ತಂತ್ರಾಂಶವನ್ನು ಅಳವಡಿಸಕೂಡದು. ಉದ್ದೇಶವು ಒಳ್ಳೆಯದೆಂಬ ಕಾರಣಕ್ಕೆ ಅನುಮತಿ ಇದೆಯೆಂದು ಭಾವಿಸುವಂತಿಲ್ಲ. ಮಾಲೀಕರ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಪ್ರಕರಣವು ಅನ್ವಯವಾಗುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಕಾಲೇಜೊಂದರ ಗಣಕ ನಿರ್ವಾಹಕರು ಕಾಲೇಜಿನ ಯಂತ್ರಗಳಲ್ಲಿ ಇಂತಹುದೇ ಗಣನ ಸ್ಪರ್ಧೆಯೊಂದರ ತಂತ್ರಾಂಶವನ್ನು ಅಳವಡಿಸಿದ್ದಕ್ಕಾಗಿ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರ ಜನವರಿಯಲ್ಲಿ ಪ್ರಕರಣವು ಇತ್ಯರ್ಥಗೊಂಡಾಗ ಹಣ ಪಾವತಿ ಹಾಗೂ ಸಮುದಾಯ ಸೇವೆಯ ಷರತ್ತುಗಳಿಗೆ ಅವರು ಒಳಪಡಬೇಕಾಯಿತು.

5. ವಿದ್ಯುತ್ ಬಳಕೆಯ ಲೆಕ್ಕ

ಸಾಮಾನ್ಯ ಬಳಕೆಯಲ್ಲಿ ಪ್ರಾಸೆಸರ್ ಬಹುಪಾಲು ಸಮಯ ವಿಶ್ರಾಂತಿಯಲ್ಲಿರುತ್ತದೆ. ವಿತರಿತ ಗಣನೆಯಲ್ಲಿ ಅದು ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಮಗ್ಗ ನಿಂತಾಗ ಮತ್ತು ಓಡುವಾಗ ಮೀಟರಿನ ವೇಗದಲ್ಲಿ ಆಗುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1,000 ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಇದರ ಆಧಾರದ ಮೇಲೆ, ಬೇರೆ ಸಮಯದಲ್ಲಿ ಆರಿಸಿಡುತ್ತಿದ್ದ ಯಂತ್ರವನ್ನು 14 ದಿನಗಳ ಸ್ಪರ್ಧೆಗಾಗಿ ನಡೆಸಿದಲ್ಲಿ ತಗಲುವ ಹೆಚ್ಚುವರಿ ಬಳಕೆಯ ಮಾದರಿ ಲೆಕ್ಕ ಹೀಗಿದೆ:

• 45 ವಾಟ್ ಬಳಸುವ ಲ್ಯಾಪ್‌ಟಾಪ್, ದಿನದ 24 ಗಂಟೆ: ಸುಮಾರು 15 ಯೂನಿಟ್
• 120 ವಾಟ್ ಬಳಸುವ ಮೇಜಿನ ಗಣಕ, ರಾತ್ರಿ 8 ಗಂಟೆ ಮಾತ್ರ: ಸುಮಾರು 13 ಯೂನಿಟ್
• 120 ವಾಟ್ ಬಳಸುವ ಮೇಜಿನ ಗಣಕ, ದಿನದ 24 ಗಂಟೆ: ಸುಮಾರು 40 ಯೂನಿಟ್
• ಗ್ರಾಫಿಕ್ಸ್ ಕಾರ್ಡ್ ಸಹಿತ 350 ವಾಟ್ ಬಳಸುವ ಗಣಕ, ದಿನದ 24 ಗಂಟೆ: ಸುಮಾರು 118 ಯೂನಿಟ್

ಗೃಹಜ್ಯೋತಿ ಫಲಾನುಭವಿಗಳು ಈ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇಕಡ 10ರಷ್ಟು ಸೇರಿಸಿ ಅರ್ಹ ಯೂನಿಟ್‌ಗಳನ್ನು ನಿಗದಿಪಡಿಸುವುದು ಸಾಮಾನ್ಯ ನಿಯಮ. ಕಡಿಮೆ ಬಳಕೆಯ ಹಾಗೂ ಹೊಸ ಸಂಪರ್ಕಗಳಿಗೆ ಲೆಕ್ಕ ಬೇರೆ ಇರುವುದರಿಂದ ತಮ್ಮ ಬಿಲ್ಲನ್ನೇ ನೋಡಿಕೊಳ್ಳಬೇಕು. ಬಳಕೆಯು ಅರ್ಹ ಪ್ರಮಾಣವನ್ನು ಮೀರಿ 200 ಯೂನಿಟ್‌ಗಳ ಒಳಗಿದ್ದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. 200 ಯೂನಿಟ್ ಮೀರಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ.

ಉದಾಹರಣೆ: ಒಂದು ಕುಟುಂಬದ ಸರಾಸರಿ ಬಳಕೆ 150 ಯೂನಿಟ್, ಅರ್ಹ ಪ್ರಮಾಣ 165 ಯೂನಿಟ್ ಎಂದಿಟ್ಟುಕೊಳ್ಳೋಣ. ಆ ತಿಂಗಳ ಮನೆಬಳಕೆಯೂ 165 ಯೂನಿಟ್ ಆಗಿದ್ದು, ಮೇಜಿನ ಗಣಕವನ್ನು 14 ದಿನ ರಾತ್ರಿ ಮಾತ್ರ ನಡೆಸಿದರೆ ಒಟ್ಟು 178 ಆಗಿ 13 ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಅದೇ ಗಣಕವನ್ನು ಹಗಲು ರಾತ್ರಿ ನಡೆಸಿದರೆ ಒಟ್ಟು 205 ಆಗುತ್ತದೆ. ಮೀರಿದ್ದು ಐದೇ ಯೂನಿಟ್ ಆದರೂ ಹಣ ಕಟ್ಟಬೇಕಾದುದು 205 ಯೂನಿಟ್‌ಗಳಿಗೆ.

ಆದುದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

ಅ) ಹಿಂದಿನ ಮೂರು ತಿಂಗಳ ಬಿಲ್ಲುಗಳನ್ನು ತೆಗೆದು ಅರ್ಹ ಯೂನಿಟ್ ಮತ್ತು ನಿಜವಾದ ಬಳಕೆಯನ್ನು ಬರೆದುಕೊಳ್ಳುವುದು. ಬೇಸಿಗೆಯಲ್ಲಿ ಫ್ಯಾನ್ ಮತ್ತು ಫ್ರಿಜ್ ಬಳಕೆ ಹೆಚ್ಚಿರುವುದನ್ನು ಗಮನದಲ್ಲಿರಿಸಿಕೊಳ್ಳುವುದು.

ಆ) ಮನೆಯ ಇತರ ಉಪಕರಣಗಳನ್ನು ಆರಿಸಿ, ಗಣಕವನ್ನು ಪೂರ್ಣ ಸಾಮರ್ಥ್ಯದಲ್ಲಿ ಎರಡು ಗಂಟೆ ನಡೆಸಿ, ಮೀಟರಿನ ಆರಂಭದ ಮತ್ತು ಕೊನೆಯ ಅಂಕಿಗಳನ್ನು ಗುರುತು ಮಾಡಿಕೊಳ್ಳುವುದು. ವ್ಯತ್ಯಾಸವನ್ನು ಎರಡರಿಂದ ಭಾಗಿಸಿದರೆ ಗಂಟೆಯ ಬಳಕೆ ದೊರೆಯುತ್ತದೆ.

ಇ) ಮೀಟರ್ ಓದುವ ದಿನಾಂಕವನ್ನು ತಿಳಿದುಕೊಳ್ಳುವುದು. ಸ್ಪರ್ಧೆಯ ಅವಧಿಯು ಎರಡು ಬಿಲ್ಲುಗಳ ನಡುವೆ ಹಂಚಿಹೋದಲ್ಲಿ ಹೊರೆಯೂ ಹಂಚಿಹೋಗುತ್ತದೆ.

ಈ) ಗಣನೆ ನಡೆಯುವಾಗ ಪರದೆ ಅಗತ್ಯವಿಲ್ಲ. ಮಾನಿಟರನ್ನು ಆರಿಸಿಡುವುದು.

6. ಯಂತ್ರದ ಸಿದ್ಧತೆ

ಶಾಖ: ದಿನವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆಯುವ ಯಂತ್ರಕ್ಕೆ ಗಾಳಿಯಾಟವೇ ಪ್ರಧಾನ. ಹೆದ್ದಾರಿ ಬದಿಯ ಮತ್ತು ಕಲ್ಲುಗಣಿ ಸಮೀಪದ ಊರುಗಳಲ್ಲಿ ಪೆಟ್ಟಿಗೆಯೊಳಗೆ ಧೂಳು ಬೇಗ ಸೇರುತ್ತದೆ. ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆದು, ಒಣ ಮೃದು ಕುಂಚದಿಂದ ಫ್ಯಾನ್ ಹಾಗೂ ಶಾಖಹೀರಕದ ಧೂಳನ್ನು ತೆಗೆಯಬೇಕು. ಒದ್ದೆ ಬಟ್ಟೆ ಬಳಸಬಾರದು. ಲ್ಯಾಪ್‌ಟಾಪನ್ನು ಹಾಸಿಗೆ ಅಥವಾ ದಿಂಬಿನ ಮೇಲೆ ಇರಿಸದೆ ಗಟ್ಟಿಯಾದ ಮೇಜಿನ ಮೇಲೆ ಇರಿಸಬೇಕು. ಪ್ರಾಸೆಸರಿನ ತಾಪಮಾನವನ್ನು 80 ಡಿಗ್ರಿ ಸೆಲ್ಸಿಯಸ್‌ನೊಳಗೆ ಉಳಿಸಿಕೊಳ್ಳುವುದು ಕ್ಷೇಮ. ಅದನ್ನು ಮೀರಿದಲ್ಲಿ ಗಣನೆಯ ಪ್ರಮಾಣವನ್ನು ತಗ್ಗಿಸಬೇಕು.

ವೇಗವರ್ಧನೆ: ಹೆಚ್ಚು ಅಂಕದ ಆಸೆಯಿಂದ ಪ್ರಾಸೆಸರಿನ ವೇಗವನ್ನು ತಯಾರಕರು ನಿಗದಿಪಡಿಸಿದ ಮಿತಿಗಿಂತ ಏರಿಸುವುದು ತರವಲ್ಲ. ಹಾಗೆ ಏರಿಸಿದ ಯಂತ್ರವು ಹೊರನೋಟಕ್ಕೆ ಸರಿಯಾಗಿ ನಡೆಯುತ್ತಿದ್ದರೂ ತಪ್ಪು ಉತ್ತರ ನೀಡಬಹುದು. ಮತ್ತೊಬ್ಬರ ಉತ್ತರದೊಂದಿಗೆ ಹೊಂದಿಕೆಯಾಗದ ಫಲಿತಾಂಶಕ್ಕೆ ಅಂಕವಿಲ್ಲ. ಅದಕ್ಕೆ ವ್ಯಯವಾದ ವಿದ್ಯುತ್ತೂ ವ್ಯರ್ಥ.

ಸಿಡಿಲು ಮತ್ತು ವಿದ್ಯುತ್ ಏರಿಳಿತ: ಮೇ ತಿಂಗಳು ಈ ತಾಲ್ಲೂಕುಗಳಲ್ಲಿ ಮುಂಗಾರುಪೂರ್ವ ಗುಡುಗು ಮಳೆಯ ಕಾಲ. ಗುಡುಗು ಆರಂಭವಾಗುವ ಮೊದಲೇ ಗಣನೆ ನಿಲ್ಲಿಸಿ ವಿದ್ಯುತ್ ಪ್ಲಗ್ ಹಾಗೂ ಅಂತರಜಾಲದ ತಂತಿ ಎರಡನ್ನೂ ತೆಗೆದಿಡಬೇಕು. ನೆಲಸಂಪರ್ಕ, ಅಂದರೆ ಅರ್ಥಿಂಗ್, ಸರಿಯಾಗಿದೆಯೇ ಎಂದು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಿಕೊಳ್ಳಬೇಕು. ಪೂರೈಕೆಯ ದೂರುಗಳಿಗೆ ಬೆಸ್ಕಾಂ ಸಹಾಯವಾಣಿ 1912 ಅನ್ನು ಸಂಪರ್ಕಿಸಬಹುದು.

ಇನ್ವರ್ಟರ್: ಮನೆಯ ಇನ್ವರ್ಟರಿಗೆ ಜೋಡಿಸಿದ ಮೇಜಿನ ಗಣಕಕ್ಕೆ ಕರೆಂಟು ಹೋದದ್ದು ತಿಳಿಯುವುದಿಲ್ಲ. ಅದು ಲೆಕ್ಕವನ್ನು ಮುಂದುವರಿಸಿ, ರಾತ್ರಿಯ ದೀಪ ಹಾಗೂ ಫ್ಯಾನಿಗಾಗಿ ಇರುವ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಆದ್ದರಿಂದ ಗಣಕವನ್ನು ಇನ್ವರ್ಟರ್ ಮಾರ್ಗದಿಂದ ಬೇರ್ಪಡಿಸಿ, ಸುರಕ್ಷಿತವಾಗಿ ಮುಚ್ಚಲು ಸಾಕಾಗುವಷ್ಟು ಸಣ್ಣ ಯುಪಿಎಸ್ ಮಾತ್ರ ಅಳವಡಿಸುವುದು ಒಳಿತು. ಹೆಚ್ಚಿನ ಯೋಜನೆಗಳಲ್ಲಿ ಲೆಕ್ಕವು ಆಗಾಗ್ಗೆ ತಾನಾಗಿಯೇ ಉಳಿತಾಯವಾಗುವುದರಿಂದ ಕರೆಂಟು ಹೋದರೂ ನಷ್ಟವಾಗುವುದು ಕೊನೆಯ ಉಳಿತಾಯದ ನಂತರದ ಭಾಗ ಮಾತ್ರ.

7. ಕಡತಗಳು ಮತ್ತು ಭದ್ರತೆ

ಆಧಾರ್, ಪಡಿತರ ಚೀಟಿ, ಅಂಕಪಟ್ಟಿ, ಪಹಣಿ, ಬ್ಯಾಂಕ್ ಪುಸ್ತಕ ಮುಂತಾದವುಗಳ ಸ್ಕ್ಯಾನ್ ಪ್ರತಿಗಳನ್ನು ಸಿದ್ಧತೆ ಆರಂಭಿಸುವ ಮೊದಲೇ ಪೆನ್ ಡ್ರೈವ್ ಅಥವಾ ಹೊರ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಪ್ರತ್ಯೇಕವಾಗಿ ಇರಿಸಬೇಕು. ಹಳೆಯ ಹಾರ್ಡ್ ಡಿಸ್ಕುಗಳು ಶಾಖಕ್ಕೆ ಕೈಕೊಡುವ ಸಂಭವವಿರುತ್ತದೆ.

ಕಾರ್ಯಾಚರಣ ವ್ಯವಸ್ಥೆಯು ಭದ್ರತಾ ಪರಿಷ್ಕರಣೆಗಳನ್ನು ಪಡೆಯುತ್ತಿರಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಅಂತಹ ಯಂತ್ರವನ್ನು ಹೊಸ ಆವೃತ್ತಿಗೆ ಅಥವಾ ಲಿನಕ್ಸ್‌ಗೆ ಬದಲಾಯಿಸಿಕೊಂಡ ನಂತರವೇ ದಿನವಿಡೀ ಅಂತರಜಾಲದಲ್ಲಿ ಇರಿಸುವುದು ಸೂಕ್ತ.

ತಂತ್ರಾಂಶವನ್ನು ಬಾಯಿಂಕ್‌ನ ಅಧಿಕೃತ ತಾಣದಿಂದ ಅಥವಾ ಲಿನಕ್ಸ್ ವಿತರಣೆಯ ಸ್ವಂತ ಭಂಡಾರದಿಂದ ಮಾತ್ರ ಪಡೆಯಬೇಕು. ಪರಿಚಿತರು ಕಳುಹಿಸಿದ ಕಡತವಾದರೂ ಬಳಸಬಾರದು. ನೋಂದಣಿಗೆ ಮಿಂಚಂಚೆ ವಿಳಾಸ ಮತ್ತು ಗುಪ್ತಪದ ಸಾಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಅಥವಾ ಒಟಿಪಿ ಕೇಳಿದಲ್ಲಿ ಅದು ವಂಚನೆಯೆಂದು ತಿಳಿಯಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ನೋಂದಾಯಿಸಿದ ಹೆಸರು ಅಂಕಪಟ್ಟಿಯಲ್ಲಿ ಎಲ್ಲರಿಗೂ ಕಾಣಿಸುವುದರಿಂದ ಮಕ್ಕಳ ಪೂರ್ಣ ಹೆಸರು ಹಾಗೂ ಊರನ್ನು ನಮೂದಿಸದಿರುವುದು ಒಳ್ಳೆಯದು.

8. ತಂತ್ರಾಂಶದಲ್ಲಿ ಮಿತಿಗಳನ್ನು ನಿಗದಿಪಡಿಸುವುದು

ಬಾಯಿಂಕ್ ಅಳವಡಿಸಿದ ಕೂಡಲೇ, ಯಾವುದೇ ಯೋಜನೆಗೆ ಸೇರುವ ಮೊದಲು, ಕಂಪ್ಯೂಟಿಂಗ್ ಪ್ರಿಫರೆನ್ಸಸ್ ಎಂಬ ಭಾಗವನ್ನು ತೆರೆದು ಕೆಳಕಂಡವುಗಳನ್ನು ನಿಗದಿಪಡಿಸಬೇಕು:

• ಪ್ರಾಸೆಸರ್ ಪಾಲು: ಆರಂಭದಲ್ಲಿ ಶೇಕಡ 50. ತಾಪಮಾನವನ್ನು ಗಮನಿಸಿ ನಂತರ ಹೆಚ್ಚಿಸಬಹುದು.
• ಬಳಕೆಯಲ್ಲಿದ್ದಾಗ ನಿಲುಗಡೆ: ಯಾರಾದರೂ ಕೀಲಿಮಣೆ ಮುಟ್ಟಿದ ಕೂಡಲೇ ಗಣನೆ ನಿಲ್ಲುವಂತೆ ಆಯ್ಕೆ ಮಾಡುವುದು. ಅರ್ಜಿ ಭರ್ತಿ ಮಾಡುವಾಗ ಯಂತ್ರ ನಿಧಾನವಾಗಿ ಪುಟದ ಅವಧಿ ಮುಗಿಯುವ ತೊಂದರೆಯು ಇದರಿಂದ ತಪ್ಪುತ್ತದೆ.
• ಬ್ಯಾಟರಿ: ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುವಾಗ ಗಣನೆ ನಿಲ್ಲಬೇಕು.
• ವೇಳೆ: ದಿನದ ಯಾವ ಗಂಟೆಗಳಲ್ಲಿ ನಡೆಯಬೇಕೆಂದು ವಾರದ ಪ್ರತಿ ದಿನಕ್ಕೂ ಸೂಚಿಸಬಹುದು. 5ನೇ ಖಂಡದ ಲೆಕ್ಕಕ್ಕೆ ಅನುಗುಣವಾಗಿ ಇದನ್ನು ತುಂಬುವುದು.
• ಡಿಸ್ಕ್ ಮತ್ತು ಅಂತರಜಾಲ: ಬಳಸಬಹುದಾದ ಜಾಗಕ್ಕೂ ದತ್ತಾಂಶಕ್ಕೂ ಮಿತಿ ಹಾಕುವುದು. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಇದನ್ನು ಮರೆಯಬಾರದು.
• ಮುಂಗಡ ಸಂಗ್ರಹ: ಸಂಪರ್ಕ ಕಡಿತಗೊಳ್ಳುವ ಗ್ರಾಮಗಳಲ್ಲಿ ಅರ್ಧ ದಿನದಿಂದ ಒಂದು ದಿನದ ಕಾರ್ಯಘಟಕಗಳನ್ನು ಸಂಗ್ರಹಿಸಿಟ್ಟರೆ ಸಾಕು. ಪ್ರತಿ ಘಟಕಕ್ಕೂ ಗಡುವು ಇರುತ್ತದೆ. ಹೆಚ್ಚು ತುಂಬಿಕೊಂಡಲ್ಲಿ ಗಡುವು ಮೀರಿ ಅದೇ ಕೆಲಸವನ್ನು ಮತ್ತೊಬ್ಬರಿಗೆ ವಹಿಸಬೇಕಾಗುತ್ತದೆ.

9. ಸಿದ್ಧತಾ ವೇಳಾಪಟ್ಟಿ

ನಾಲ್ಕು ವಾರ ಮೊದಲು: ಬಿಲ್ಲುಗಳ ಪರಿಶೀಲನೆ, ಮನೆಯವರ ಒಪ್ಪಿಗೆ, ಕಡತಗಳ ನಕಲು, ಧೂಳು ತೆಗೆಯುವುದು.
ಮೂರು ವಾರ ಮೊದಲು: ತಂತ್ರಾಂಶದ ಅಳವಡಿಕೆ, ಮಿತಿಗಳ ನಿಗದಿ, ಒಂದು ಯೋಜನೆಗೆ ಪ್ರಾಯೋಗಿಕ ಸೇರ್ಪಡೆ.
ಎರಡು ವಾರ ಮೊದಲು: ಮೂರು ರಾತ್ರಿಗಳ ಪರೀಕ್ಷೆ. ತಾಪಮಾನ, ಮೀಟರ್ ಅಂಕಿ ಹಾಗೂ ಸ್ವೀಕೃತವಾದ ಫಲಿತಾಂಶಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡುವುದು.
ಒಂದು ವಾರ ಮೊದಲು: ತಂಡಕ್ಕೆ ಸೇರ್ಪಡೆ. ಸ್ಪರ್ಧೆಯ ಅವಧಿಯಲ್ಲಿ ಕೊನೆಯ ದಿನಾಂಕವಿರುವ ಅರ್ಜಿಗಳಿದ್ದಲ್ಲಿ ಅವುಗಳನ್ನು ಈಗಲೇ ಸಲ್ಲಿಸುವುದು.
ಸ್ಪರ್ಧೆ ಮುಗಿದ ನಂತರ: ನೋ ನ್ಯೂ ಟಾಸ್ಕ್ಸ್ ಗುಂಡಿಯನ್ನು ಒತ್ತಿ, ಉಳಿದ ಘಟಕಗಳನ್ನು ಮುಗಿಸಿ ಹಿಂದಿರುಗಿಸುವುದು. ಮುಗಿಸಲು ಸಾಧ್ಯವಿಲ್ಲದಿದ್ದಲ್ಲಿ ಅವುಗಳನ್ನು ರದ್ದುಪಡಿಸಬೇಕು. ಸುಮ್ಮನೆ ಯಂತ್ರ ಆರಿಸಿಬಿಟ್ಟರೆ ಅದೇ ಘಟಕವನ್ನು ಲೆಕ್ಕ ಮಾಡಿರುವ ಮತ್ತೊಬ್ಬ ಸ್ವಯಂಸೇವಕರು ಗಡುವು ಮುಗಿಯುವವರೆಗೂ ಕಾಯಬೇಕಾಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಇದಕ್ಕೆ ಸರ್ಕಾರದ ಅನುಮತಿ ಅಥವಾ ಅರ್ಜಿ ಬೇಕೇ?
ಉ: ಇಲ್ಲ. ಸ್ವಂತ ಯಂತ್ರವನ್ನು ಬಳಸಲು ಅರ್ಜಿಯಾಗಲಿ ಶುಲ್ಕವಾಗಲಿ ಇರುವುದಿಲ್ಲ. ನೋಂದಣಿಗೆಂದು ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ.

ಪ್ರ: ಹಳೆಯ ಗಣಕಯಂತ್ರ ಉಪಯೋಗಕ್ಕೆ ಬರುತ್ತದೆಯೇ?
ಉ: ಬರುತ್ತದೆ. ಆದರೆ ಹಳೆಯ ಯಂತ್ರವು ಅದೇ ಕೆಲಸಕ್ಕೆ ಹೆಚ್ಚು ವಿದ್ಯುತ್ ಬಳಸುತ್ತದೆ. ಒಂದು ಯೂನಿಟ್‌ಗೆ ಎಷ್ಟು ಕೆಲಸವಾಯಿತು ಎಂಬುದನ್ನು ನೋಡಿ ತೀರ್ಮಾನಿಸಬೇಕು. ಇದಕ್ಕಾಗಿಯೇ ಹೊಸ ಯಂತ್ರವನ್ನು ಸಾಲ ಮಾಡಿ ಕೊಳ್ಳುವುದು ಉಚಿತವಲ್ಲ.

ಪ್ರ: ಮೊಬೈಲ್ ದೂರವಾಣಿ ಬಳಸಬಹುದೇ?
ಉ: ಆಂಡ್ರಾಯ್ಡ್ ದೂರವಾಣಿಗಳಿಗೂ ಬಾಯಿಂಕ್ ಲಭ್ಯವಿದೆ. ಚಾರ್ಜಿಗೆ ಹಾಕಿದ್ದಾಗ ಹಾಗೂ ವೈಫೈ ಇರುವಾಗ ಮಾತ್ರ ನಡೆಯುವಂತೆ ಇರಿಸಬೇಕು. ದೂರವಾಣಿ ಬಿಸಿಯಾದಲ್ಲಿ ನಿಲ್ಲಿಸಬೇಕು.

ಪ್ರ: ಒಂದೇ ಗಣಕದಿಂದ ಏನು ಪ್ರಯೋಜನ?
ಉ: 2010ರ ಪಲ್ಸಾರ್ ಪತ್ತೆಯಾದದ್ದು ಮನೆಯ ಗಣಕಗಳಲ್ಲಿಯೇ. ರಾತ್ರಿ ಎಂಟು ಗಂಟೆ ಮಾತ್ರ ನಡೆಯುವ ಯಂತ್ರವೂ ಸರಿಯಾದ ಉತ್ತರವನ್ನು ಗಡುವಿನೊಳಗೆ ಹಿಂದಿರುಗಿಸಿದಲ್ಲಿ ಆ ಘಟಕದ ಮಟ್ಟಿಗೆ ಕೆಲಸ ಪೂರ್ಣವಾದಂತೆಯೇ.

11. ಗಮನಿಸಬೇಕಾದ ಅಂಶ

ಮೇಲಿನ ವಿದ್ಯುತ್ ಲೆಕ್ಕಗಳು ಮಾದರಿಗಾಗಿ ಮಾತ್ರ. ಪ್ರತಿ ಕುಟುಂಬವು ತನ್ನ ಬಿಲ್ಲು ಹಾಗೂ ಮೀಟರಿನ ಆಧಾರದ ಮೇಲೆ ಲೆಕ್ಕ ಹಾಕಿಕೊಳ್ಳತಕ್ಕದ್ದು. ಗೃಹಜ್ಯೋತಿ ಅರ್ಹತೆಯ ಬಗ್ಗೆ ಸಂದೇಹವಿದ್ದಲ್ಲಿ, ಗಣನೆಯನ್ನು ಆರಂಭಿಸುವ ಮೊದಲು ಸಂಬಂಧಪಟ್ಟ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಲು ಕೋರಲಾಗಿದೆ.